ತೆರೆಯದ ದಾರಿಯಿಂದ ಬಂದ ದನಿ

ದೆವ್ವ, ಶಕುನ, ಮುಂದಾಗುವುದು ಮೊದಲೇ ಕಾಣುವುದು ಇಂಥ ಮಾತು ಶುರುವಾದರೆ ನಾನು ಎದ್ದು ಅಡುಗೆಮನೆಗೆ ಹೋಗುವವಳು. ಬುದ್ಧನ ಪಟವೊಂದನ್ನು ಬಿಟ್ಟರೆ ಗೋಡೆಯ ಮೇಲೆ ಬೇರೇನೂ ಇಲ್ಲದ ಮನೆಯಲ್ಲಿ ಬೆಳೆದೆ. "ಯಾರ ಹೇಳಿದ್ರೂ ಒಮ್ಮೆಲೆ ನಂಬಬ್ಯಾಡವಾ, ಹೆಂಗಾತು ಅಂತ ಕೇಳು" ಎನ್ನುತ್ತಿದ್ದರು ಅಪ್ಪ. ಮುಂದೆ ಕಲಿತದ್ದೂ ಈಗ ಕಾಲೇಜಿನಲ್ಲಿ ಕಲಿಸುತ್ತಿರುವುದೂ ಕಂಪ್ಯೂಟರ್. ಹೀಗಿರುವಾಗ ಇದನ್ನು ಬೇರೆ ಯಾರಾದರೂ ಬರೆದಿದ್ದರೆ ಅರ್ಧಕ್ಕೇ ಮಡಚಿಡುತ್ತಿದ್ದೆ. ನೀವು ಹಾಗೆ ಮಾಡಿದರೂ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮಾವನವರಿಗೆ ಎದೆನೋವು ಬಂದಾಗ ಗಾಡಿ ಸಿಗದೆ, ನಮ್ಮೂರು ಸಂಶಿಯಲ್ಲಿ ಮನೆಯ ಕಟ್ಟೆಯ ಮೇಲೇ ಜೀವ ಹೋಯಿತು. ಹಿಂದಿನ ಓಣಿಯಲ್ಲಿ ಒಂದು ಜೀಪು ಖಾಲಿ ನಿಂತಿತ್ತೆಂದು ಮಣ್ಣು ಮಾಡಿ ಬಂದ ಮೇಲೆ ಗೊತ್ತಾಯಿತು. ಆ ಸಂಕಟದಲ್ಲಿ ನಾನೂ ಮೈದುನ ಆನಂದನೂ ಕೂಡಿ ಒಂದು ಆ್ಯಪ್ ಮಾಡಿದೆವು. ಓದು ಬರದವರಿಗೂ ಅನುಕೂಲವಾಗಲೆಂದು ಅದರಲ್ಲಿ ಒಂದೇ ಒಂದು ಕೆಂಪು ಗುಂಡಿ ಇಟ್ಟೆವು. ಅದನ್ನು ಒತ್ತಿ ಮಾತಾಡಿದರೆ ಆ ದನಿ ನಮ್ಮ ಸರ್ವರ್ ಕಂಪ್ಯೂಟರಿಗೆ ಬರಬೇಕು, ಅಲ್ಲಿಂದ ಹತ್ತಿರದ ಗಾಡಿಯವರ ಫೋನಿಗೆ ಹೋಗಬೇಕು.

ಸರ್ವರ್ ಎಂದರೆ ದೊಡ್ಡದೇನಲ್ಲ. ಆನಂದನ ಮೊಬೈಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ಹಳೆಯ ಕಂಪ್ಯೂಟರು. ಅಂಗಡಿಯ ವೈಫೈ ಇರುವಷ್ಟು ಜಾಗದಲ್ಲಿ ಎಲ್ಲ ಸರಿಯಾಗಿ ನಡೆಯುತ್ತಿತ್ತು. ಬಸ್ ಸ್ಟ್ಯಾಂಡಿಗೆ ಹೋಗಿ ಗುಂಡಿ ಒತ್ತಿದರೆ ಏನೂ ಬರುತ್ತಿರಲಿಲ್ಲ. ಇಂಟರ್ನೆಟ್ ಕೊಡುವವರು ನಮ್ಮಂಥ ಎಷ್ಟೋ ಗಿರಾಕಿಗಳಿಗೆ ಒಂದೇ ವಿಳಾಸ ಹಂಚಿರುತ್ತಾರೆ. ಹಾಗಾಗಿ ಹೊರಗಿನವರು ನಮ್ಮ ಕಂಪ್ಯೂಟರನ್ನು ಹುಡುಕಿಕೊಂಡು ಬರಲು ದಾರಿಯೇ ಇರುವುದಿಲ್ಲ. ಉಳಿದದ್ದು ಒಂದೇ ಉಪಾಯ. ದೂರದ ಊರಿನಲ್ಲಿ ಸಣ್ಣದೊಂದು ಸರ್ವರ್ ಬಾಡಿಗೆಗೆ ಹಿಡಿದು, ನಮ್ಮ ಕಂಪ್ಯೂಟರಿನಿಂದ ಅಲ್ಲಿಯತನಕ ಒಂದು ಸುರಂಗ ಹಾಕುವುದು. ಜನ ಅಲ್ಲಿನ ವಿಳಾಸಕ್ಕೆ ಬಂದರೆ ಸುರಂಗದೊಳಗಿಂದ ನಮ್ಮ ಕೋಣೆ ಮುಟ್ಟುತ್ತಾರೆ.

ಆ ಕೆಲಸಕ್ಕೆಂದೇ ಒಂದು ಭಾನುವಾರ ಊಟವಾದ ಮೇಲೆ ಕೂತೆವು. ಬಾಡಿಗೆ ಸರ್ವರನ್ನು ಇನ್ನೂ ಹಿಡಿದಿರಲಿಲ್ಲ. ಇಂಟರ್ನೆಟ್ಟಿನ ರೌಟರಿನ ಜಾಗ ಬದಲಿಸಲು ಆನಂದ ಅದರ ವೈರು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದ. ಆಗ ಪರದೆಯ ಮೇಲೆ ಹೊಸ ಸಂದೇಶವೊಂದು ಮೂಡಿತು.

"ವೈನಿ, ನೀವೇನರ ಗುಂಡಿ ಒತ್ತಿದ್ರೇನು?" ಎಂದ.

ನನ್ನ ಫೋನೂ ಅವನ ಫೋನೂ ಮೇಜಿನ ಮೇಲೇ ಇದ್ದವು. ಸಂದೇಶ ತೆರೆದೆ. ಒಬ್ಬ ಹೆಂಗಸಿನ ದನಿ, ವಯಸ್ಸಾದದ್ದು, ಅವಸರವಿಲ್ಲದ್ದು.

"ಏನೋ ಕಡೀತ್ರಿ. ಕಣ್ಣು ಮುಚ್ಚಾಕತ್ತಾವ. ತಿರ್ಲಾಪುರ, ಕಾಶವ್ವನ ಮನಿ. ಲಗೂನ ಬರ್ರಿ ಯಪ್ಪಾ."

ಅಷ್ಟೆ. ಯಾವ ವಿಳಾಸದಿಂದ ಬಂದಿದೆ ಎಂದು ನೋಡಿದೆ. ಅದೇ ಕಂಪ್ಯೂಟರಿನಿಂದ, ತನ್ನೊಳಗಿನಿಂದಲೇ ಬಂದಿದೆ ಎಂದು ತೋರಿಸುತ್ತಿತ್ತು. ಆ ಕಂಪ್ಯೂಟರಿಗೆ ಮೈಕೇ ಇರಲಿಲ್ಲ.

ತಲೆಕೆಡಿಸಿಕೊಳ್ಳುತ್ತ ಕೂರುವ ಹೊತ್ತಲ್ಲ ಅದು. ಆಂಬುಲೆನ್ಸಿಗೆ ಫೋನ್ ಮಾಡಿ ಊರು, ಹೆಸರು ಹೇಳಿದೆ. ಆದರೂ ಮನಸ್ಸು ತಡೆಯಲಿಲ್ಲ. ಆನಂದ ಅಂಗಡಿ ಮುಚ್ಚಿ ಗಾಡಿ ತೆಗೆದ. ತಿರ್ಲಾಪುರದಲ್ಲಿ ನಮಗೆ ಯಾರ ಗುರುತೂ ಇರಲಿಲ್ಲ. ಆ ಊರನ್ನು ಇನ್ನೂ ಆ್ಯಪಿಗೆ ಸೇರಿಸಿಯೇ ಇರಲಿಲ್ಲ.

ನಾವು ಮುಟ್ಟುವಷ್ಟರಲ್ಲಿ ಆಂಬುಲೆನ್ಸಿನವರು ಬೈದು ವಾಪಸು ಹೋಗಿದ್ದರು. ಕಾಶವ್ವನ ಮನೆಯ ಮುಂದೆ ಜನ ನೆರೆದಿತ್ತು. ಒಬ್ಬ ಹಿರಿಯರು, "ಯಾರ್ರೀ ಸುಳ್ಳು ಫೋನ್ ಮಾಡಿದವ್ರು? ಗಟ್ಟಿಮುಟ್ಟಾಗಿ ಕುಂತಾಕೀನ ಸಾಯಾಕತ್ತಾಳ ಅಂತೀರೇನು?" ಎಂದು ರೇಗಿದರು. ಕಾಶವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಬಾಜುವಿಗೆ ಮಗಳು ರೇಣುಕಾ. ಗಂಡ ತೀರಿದ ಮೇಲೆ ತವರಿಗೆ ಬಂದು ತಾಯಿಯ ಜತೆ ಹೊಲಮನೆ ನೋಡಿಕೊಂಡಿದ್ದವಳು.

ನಮ್ಮ ಮಾತನ್ನು ಯಾರೂ ನಂಬಲಿಲ್ಲ. ಫೋನಿಗೆ ಹಾಕಿಕೊಂಡು ಹೋಗಿದ್ದ ಆ ಸಂದೇಶವನ್ನು ಕೇಳಿಸಿದೆ. ಕೇಳಿಸಬಾರದಿತ್ತೇನೋ. ರೇಣುಕಾ ತಾಯಿಯ ತೋಳು ಹಿಡಿದುಕೊಂಡಳು.

"ಇದು ನಮ್ಮವ್ವನ ದನಿ ರೀ ಅಕ್ಕಾರ."

ಕಾಶವ್ವ ಮೊರ ಕೆಳಗಿಟ್ಟಳು. "ಇನ್ನೊಮ್ಮೆ ಹಚ್ಚವಾ" ಎಂದಳು. ಇನ್ನೊಮ್ಮೆ ಕೇಳಿಸಿದೆ. ತಲೆ ಬಾಗಿಸಿ, ಪರಿಚಯದವರ ಮಾತು ಕೇಳುವ ಹಾಗೆ ಕೇಳಿದಳು. "ನಂದ ಐತಿ. ಆದ್ರ ನಾ ಯಾವಾಗ ಅಂದೆ?" ಎಂದು ನನ್ನನ್ನೇ ಕೇಳಿದಳು.

ಈಗಿನ ಕಾಲದಲ್ಲಿ ಯಾರ ದನಿಯನ್ನಾದರೂ ಕಂಪ್ಯೂಟರಿನಲ್ಲಿ ನಕಲು ಮಾಡಬಹುದು, ನನಗೆ ಗೊತ್ತು. ಆದರೆ ಅದಕ್ಕೂ ಮೂಲ ದನಿ ಸ್ವಲ್ಪವಾದರೂ ಬೇಕು. ಕಾಶವ್ವ ಎಂದೂ ಫೋನಿಗೆ ದನಿ ತುಂಬಿದವಳಲ್ಲ. ಮನೆಯಲ್ಲಿದ್ದದ್ದು ಬರೀ ಮಾತಾಡುವ ಹಳೆಯ ಫೋನು. ಆನಂದ ತಿಂಗಳುಗಟ್ಟಲೆ ಆ ಕಂಪ್ಯೂಟರನ್ನು ಬಿಚ್ಚಿ ಜೋಡಿಸಿದ, ನಾನು ಬರೆದ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದೆ. ಏನೂ ಸಿಗಲಿಲ್ಲ.

ಕೆಲಸ ಬಿಡಲಿಲ್ಲ. ಸರ್ವರ್ ಬಾಡಿಗೆಗೆ ಹಿಡಿದು ಸುರಂಗ ಹಾಕಿದೆವು. ಗುಡಗೇರಿಯಿಂದ ಒಬ್ಬರು ಒತ್ತಿದ ಮೊದಲ ಸಂದೇಶ ಬಂದಾಗ ಆನಂದ ಅಂಗಡಿಯಲ್ಲಿದ್ದವರಿಗೆಲ್ಲ ಚಹಾ ಕುಡಿಸಿದ. ತಿರ್ಲಾಪುರದ ಇಬ್ಬರು ಗಾಡಿಯವರನ್ನು ನಾನೇ ಹೋಗಿ ಸೇರಿಸಿದೆ, ರೇಣುಕಾಳ ಹೊಸ ಫೋನಿಗೆ ಆ್ಯಪ್ ಹಾಕಿಕೊಟ್ಟೆ. ಆ ಸಂದೇಶ ಕೇಳಿದ ದಿನದಿಂದ ತಾಯಿಯನ್ನು ಅವಳು ಹೊಲಕ್ಕೆ ಕಳಿಸುವುದನ್ನು ನಿಲ್ಲಿಸಿದ್ದಳು. ಹುಳಹುಪ್ಪಡಿಯ ಭಯ.

ಹತ್ತಿ ಬಿಡಿಸುವ ಕಾಲ ಬಂತು. ಒಂದು ಮುಂಜಾನೆ ಪಾಠ ಮಾಡುತ್ತಿದ್ದಾಗ ಆನಂದನ ಫೋನು. "ವೈನಿ, ತಿರ್ಲಾಪುರದಿಂದ ಬಂತು. ರೇಣುಕಾಂದು." ಪಡಸಾಲೆಯಲ್ಲಿ ಒಟ್ಟಿದ ಹತ್ತಿಯೊಳಗೆ ಕೈ ಹಾಕಿದಾಗ ಕಾಶವ್ವನಿಗೆ ಹಾವು ಕಡಿದಿತ್ತು. ಈ ಸಲ ಎಲ್ಲವೂ ನಡೆಯಬೇಕಾದಂತೆಯೇ ನಡೆಯಿತು. ಸಂದೇಶ ತಡವಿಲ್ಲದೆ ಬಂತು, ಗಾಡಿ ಆಗಿಂದಾಗಲೇ ಹೋಯಿತು, ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. ಆದರೂ ಹುಬ್ಬಳ್ಳಿ ಮುಟ್ಟುವ ಮೊದಲೇ ಕಾಶವ್ವ ಹೋದಳು. ಕಡಿದ ಮೇಲೆ ಅವಳು ಒಂದು ಮಾತೂ ಆಡಲಿಲ್ಲವಂತೆ. ಕಣ್ಣು ಮಾತ್ರ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವಂತೆ.

ಹಾಗಾದರೆ ನಮಗೆ ಬಂದ ಆ ಮಾತು ಯಾರದು? ಅವಳು ಆಡಲಿದ್ದ ಮಾತೆನ್ನಲು ಅವಳು ಕೊನೆಗೂ ಅದನ್ನು ಆಡಲೇ ಇಲ್ಲ. ನಾವು ಹೋಗದಿದ್ದರೆ ಅವಳು ಅಂದು ಹೊಲದಲ್ಲಿರುತ್ತಿದ್ದಳು, ಹತ್ತಿಯ ಒಟ್ಟಿಲ ಹತ್ತಿರ ಇರುತ್ತಿರಲಿಲ್ಲ ಎಂದೂ ಅನ್ನಿಸುತ್ತದೆ. ಹೊಲದಲ್ಲಿ ಏನು ಕಾದಿತ್ತೋ ಅದೂ ಗೊತ್ತಿಲ್ಲ. ಹೆಂಗಾತು ಎಂದು ಅಪ್ಪ ಕಲಿಸಿದ ಹಾಗೆಯೇ ಇವತ್ತಿಗೂ ಕೇಳಿಕೊಳ್ಳುತ್ತೇನೆ. ಉತ್ತರದ ಹತ್ತಿರಕ್ಕೂ ಹೋಗಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ರೇಣುಕಾ ಬಸ್ಸು ಹತ್ತಿ ಸಂಶಿಗೆ, ಆನಂದನ ಅಂಗಡಿಗೆ ಬಂದಳು. ಬೈಯಲು ಬಂದಿದ್ದಾಳೆ, ಬೈಯಿಸಿಕೊಳ್ಳಬೇಕು ಎಂದುಕೊಂಡು ಅವಳ ಮುಂದೆ ಕೂತೆ. ಅವಳು ಫೋನನ್ನು ನನ್ನ ಮುಂದಿಟ್ಟಳು.

"ಅವತ್ತು ಬಂದಿತ್ತಲ್ರಿ, ಅದನ್ನ ಇದಕ್ಕ ಹಾಕಿ ಕೊಡ್ರಿ ಅಕ್ಕಾರ."

"ಅದ್ಯಾಕವಾ ನಿನಗ?" ಎಂದೆ.

"ಅವ್ವನ ದನಿ ಬ್ಯಾರೆ ಎಲ್ಲೂ ಇಲ್ರಿ."

ಹಾಕಿಕೊಟ್ಟೆ. ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ ಕೂತು, ಫೋನನ್ನು ಕಿವಿಗೆ ಒತ್ತಿ ಹಿಡಿದು ಕೇಳಿದಳು. ಮುಗಿದ ಮೇಲೆ ಮತ್ತೆ ಹಚ್ಚಿದಳು. ಆನಂದ ಎದ್ದು ಹೊರಗೆ ಹೋದ. ಕಡೆಯ ಬಸ್ಸಿನ ಹೊತ್ತಾಯಿತೆಂದು ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ.