ದೋಣಿ ಹುಡುಗನಿಗೆ ಯಾವ ನಂಬರು?

ಬೀದರದಲ್ಲಿ ಅನಿಮೆ, ಅಂದರೆ ಜಪಾನಿನ ಕಾರ್ಟೂನು, ನೋಡುವವರು ಎಷ್ಟು ಮಂದಿಯೋ ಗೊತ್ತಿಲ್ಲ. ಅದರ ಸಲುವಾಗಿ ಗಂಟಲು ಹರಿಯುವಂತೆ ಜಗಳಾಡುವವರು ಮಾತ್ರ ಮೂವರಿದ್ದರು. ಸಾಲಿ ಮಾಸ್ತರ ಜಸ್ಟಿನ, ಅವನ ತಂಗಿ ಜಾಸ್ಮಿನ, ಜಾಸ್ಮಿನಳ ಜೊತೆ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಮಾಡುವ ಬಸವೇಶ್ವರಿ. ಭಾನುವಾರ ಅಣ್ಣ ತಂಗಿ ಚರ್ಚಿನಿಂದ ಬಂದರೆ ಸಾಕು, ಅವರ ಮಾಳಿಗೆಯ ಮೇಲೆ ಸಭೆ ಶುರು. ಅಲ್ಲಿ ಕರಿ ಪ್ಲಾಸ್ಟಿಕ್ಕಿನ ದೊಡ್ಡ ನೀರಿನ ಟಾಕಿ ಇತ್ತು. ಜಸ್ಟಿನನ ಕಿಸೆಯಲ್ಲಿ ಯಾವಾಗಲೂ ಚಾಕ್‌ಪೀಸ್ ಇರುತ್ತಿತ್ತು. ಟಾಕಿಯ ಹೊಟ್ಟೆಯ ಮೇಲೆ ಜಗತ್ತಿನ ಶ್ರೇಷ್ಠ ಹತ್ತು ಅನಿಮೆಗಳ ಹೆಸರು ಏರುತ್ತಿದ್ದವು. ಮಳೆ ಬಂದರೆ ಎಲ್ಲಾ ತೊಳೆದು ಹೋಗಿ ಮತ್ತೆ ಮೊದಲಿನಿಂದ ಜಗಳ. ಬೇಸಿಗೆಯಲ್ಲಿ ಮಳೆ ಇಲ್ಲದಿದ್ದರೆ ಜಾಸ್ಮಿನ ತಾನೇ ಒಂದು ಚೆಂಬು ನೀರು ಎರಚುತ್ತಿದ್ದಳು.

"'ಬೂದಿ ಸೈನ್ಯ' ನಂಬರ್ ಒನ್. ಮುಗೀತು, ಯಾರೂ ಮಾತಾಡಬ್ಯಾಡ್ರಿ," ಎಂದ ಜಸ್ಟಿನ.

"ಹೋಗೋ ಅಣ್ಣಾ! ಅದರಾಗ ಒಬ್ಬನ್ನ ಹೊಡೀಲಾಕ ಐದು ಎಪಿಸೋಡ್ ತಗೋತಾರ. ಅಷ್ಟರಾಗ ಅವ್ವನ ಬಿರ್ಯಾನಿ ಆಗ್ತದ. 'ಕಬ್ಬಿಣದ ಗೂಬಿ' ಬರಿ," ಎಂದಳು ಜಾಸ್ಮಿನ.

"ಗೂಬಿಗಿ ನಂಬರ್ ಒನ್ ಕೊಟ್ರ ಮನಿಗಿ ದರಿದ್ರ ಬರ್ತದ. ನೀ ಹೇಳು ಬಸ್ಸಕ್ಕಾ."

ಬಸವೇಶ್ವರಿಯ ಉತ್ತರ ಎಂದೂ ಬದಲಾದದ್ದೇ ಇಲ್ಲ. "ದೋಣಿ ಹುಡುಗ."

ಜಸ್ಟಿನ ಹಣೆ ಹೊಡೆದುಕೊಂಡ. "ಮತ್ತ ಅದೇ! ಹೆಸರ ಗೊತ್ತಿಲ್ಲ, ಯಾರೂ ನೋಡಿಲ್ಲ, ನೆಟ್ಟಿನಾಗ ಸಿಗಂಗಿಲ್ಲ. ಕನಸಿಗಿ ರ‍್ಯಾಂಕ್ ಕೊಡಲಾಕ ಬರಂಗಿಲ್ಲ ಅಕ್ಕಾ."

"ಕನಸಲ್ಲೋ. ನಾ ಖರೇನೇ ನೋಡೀನಿ."

ನೋಡಿದ್ದು ಎಕಂಬಾದಲ್ಲಿ. ಔರಾದ ತಾಲೂಕಿನ ಆ ಊರಿನಲ್ಲಿ ಬಸವೇಶ್ವರಿಯ ಮನೆಯಿತ್ತು, ಪಕ್ಕದ ಗೋಡೆ ಮುನ್ನಿಬೀಯದು. ಮುನ್ನಿಬೀಯ ಮಗ ತಾಯಿಯ ತವರೂರಾದ ಜಹೀರಾಬಾದಿನಿಂದ ಡಿಶ್ ತಂದು ಹಚ್ಚಿದ್ದ. ಅದರಲ್ಲಿ ಬರುವುದೆಲ್ಲಾ ತೆಲುಗು. ಸಾಲಿ ಬಿಟ್ಟ ಕೂಡಲೇ ಬಸವೇಶ್ವರಿ ಪಾಟಿಚೀಲ ಎಸೆದು ಅಲ್ಲಿ ಹೋಗಿ ಕೂಡುತ್ತಿದ್ದಳು. ತೆರೆಯ ಮೇಲೆ ಕೆಂಪು ಕೂದಲಿನ ಒಬ್ಬ ಹುಡುಗ, ಒಂದು ಸಣ್ಣ ದೋಣಿ, ದೋಣಿಯ ಮೂತಿಗೆ ಕಂದೀಲು. ಊರಿಂದ ಊರಿಗೆ ಹೋಗುತ್ತಾನೆ, ಎದುರು ಬಂದವರಿಗೆಲ್ಲಾ ಒಂದು ಕಾಗದ ತೋರಿಸುತ್ತಾನೆ, ನೋಡುವವರಿಗೆ ಕಾಗದದ ಬೆನ್ನು ಮಾತ್ರ ಕಾಣುತ್ತದೆ. ಅವರು ಇಲ್ಲ ಎಂದು ತಲೆ ಅಲ್ಲಾಡಿಸುತ್ತಾರೆ.

"ಖಾಲಾ, ಏನಂತಾನ್ರಿ ಅವ?"

ಮುನ್ನಿಬೀ ಕೌದಿ ಹೊಲಿಯುತ್ತಲೇ ಹೇಳುತ್ತಿದ್ದಳು. "ಅದು ಅವನ ಅಣ್ಣನ ಫೋಟೋ ಬೇಟಾ. 'ನಮ್ಮ ಭಾಯಿಗಿ ನೋಡೀರೇನ್ರಿ, ಎತ್ತರ ಅದಾನ, ನಕ್ಕರ ಗಲ್ಲದಾಗ ಕುಳಿ ಬೀಳ್ತದ' ಅಂತ ಕೇಳ್ಲತ್ತಾನ."

"ನಿಮಗ ತೆಲುಗು ಹ್ಯಾಂಗ ಬರ್ತದ್ರಿ?"

"ನನ್ನ ತವರುಮನಿ ಜಹೀರಾಬಾದ! ನನಗ ಬರಲಾರದೇ ನಿಮ್ಮಪ್ಪಗ ಬರ್ತದೇನು?"

ಹಾಗೆ ಒಂದು ಮಳೆಗಾಲ, ಒಂದು ಚಳಿಗಾಲ. ಹುಡುಗ ಕೊನೆಯ ದ್ವೀಪದ ಹತ್ತಿರ ಬಂದಿದ್ದ. ಅಣ್ಣ ಅಲ್ಲೇ ಇದ್ದಾನಂತೆ ಎಂದು ಮುನ್ನಿಬೀ ಹೇಳಿದ್ದಳು. ಅಷ್ಟರಲ್ಲಿ ಅವರ ಮನೆಯವರು ಭಾಲ್ಕಿಗೆ ಹೊರಟರು. ಟೆಂಪೋದಲ್ಲಿ ಟೀವಿಗೆ ಅದೇ ಕೌದಿ ಸುತ್ತಿ ಕಟ್ಟಿದ್ದನ್ನು ಬಸವೇಶ್ವರಿ ರಸ್ತೆಯಲ್ಲಿ ನಿಂತು ನೋಡಿದಳು. ದೋಣಿ ದಡ ಮುಟ್ಟಲೇ ಇಲ್ಲ.

ಆಮೇಲೆ ಔರಾದದ ಹಾಸ್ಟೆಲ್ಲು, ಬೀದರದ ಬಾಡಿಗೆ ಕೋಣೆ, ಲ್ಯಾಬಿನ ಸೂಜಿ. ಎಷ್ಟೋ ಅನಿಮೆ ನೋಡಿದಳು. ಚಿತ್ರ ಚಂದ, ಕಥೆ ಚಂದ, ಆದರೆ ಎದೆಯಲ್ಲಿ ಆ ಕಂದೀಲು ಮಾತ್ರ ಅಲ್ಲಾಡುತ್ತಲೇ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಚೀಟಿ ಹಿಡಿದು ವಿಳಾಸ ಕೇಳಿದರೆ ತಟ್ಟನೆ ಅನಿಸುತ್ತಿತ್ತು: ಅವನಿಗೆ ಅಣ್ಣ ಸಿಕ್ಕನೋ ಇಲ್ಲೋ?

ಕಳೆದ ಶ್ರಾವಣದಲ್ಲಿ ಜಾಸ್ಮಿನ ಫೋನು ಹಿಡಿದು ಲ್ಯಾಬಿಗೆ ಓಡುತ್ತಾ ಬಂದಳು. "ಬಸ್ಸು! ಕೆಂಪು ಕೂದಲ, ದೋಣಿ, ಕಂದೀಲ! ಹೌದಿಲ್ಲೋ ನೋಡು!"

ಹೌದು. ಅದೇ! ಬಸವೇಶ್ವರಿಯ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು. ಕೊನೆಗೂ ನೆಟ್ಟಿನಲ್ಲಿ ಎಲ್ಲಾ ಎಪಿಸೋಡುಗಳೂ ಸಿಕ್ಕಿದ್ದವು, ಮಾತು ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ಆ ಭಾನುವಾರ ಮಾಳಿಗೆ ಮೇಲೆ ಮೂವರೂ ಒಂದೇ ಫೋನಿಗೆ ತಲೆ ಕೊಟ್ಟು ಕೂತರು. ಬಸವೇಶ್ವರಿ ಎಂದೂ ನೋಡಿರದ ಮೊದಲ ಎಪಿಸೋಡಿನಲ್ಲಿ ಹುಡುಗ ಒಂದು ಊರಿನ ದಡಕ್ಕೆ ಬಂದ, ಕಾಗದ ಬಿಚ್ಚಿದ. ಕ್ಯಾಮರಾ ಹತ್ತಿರ ಹೋಯಿತು. ಕಾಗದದ ಮೇಲೆ ಒಂದು ಅಣಬೆಯ ಚಿತ್ರ.

ಜಸ್ಟಿನ ಅಕ್ಷರ ಓದಿದ. "'ಈ ಅಣಬಿ ಎಲ್ಲಿ ಬೆಳೀತದ್ರಿ? ಇದನ್ನ ಹಾಕಿದ್ರ ನನ್ನ ನೂಡಲ್ಸ್ ಸೂಪು ಜಗತ್ತಿನಾಗ ನಂಬರ್ ಒನ್ ಆಗ್ತದ.'" ಓದಿ ಮುಗಿಸುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಉರುಳಿದ. "ಅಣಬಿ! ಬಸ್ಸಕ್ಕಾ, ನಿನ್ನ ನಂಬರ್ ಒನ್ ಅಡಗಿ ಕಾರ್ಯಕ್ರಮ ಅದ ನೋಡು!"

ಜಾಸ್ಮಿನಳೂ ನಕ್ಕಳು. ಆಮೇಲೆ ಬಸವೇಶ್ವರಿಯ ಮುಖ ನೋಡಿ ನಿಲ್ಲಿಸಿದಳು.

ಅಣ್ಣ ಎಲ್ಲೂ ಇರಲಿಲ್ಲ. ನೋಡಿದ ಯಾವ ಎಪಿಸೋಡಿನಲ್ಲೂ ಇರಲಿಲ್ಲ. ಕೊನೆಯ ಎಪಿಸೋಡು ಒಂದನ್ನು ಬಿಟ್ಟು ಎಲ್ಲಾ ನೋಡಿ ಮುಗಿಸಿದಳು ಬಸವೇಶ್ವರಿ. ಅದನ್ನು ಒತ್ತಲು ಮಾತ್ರ ಬೆರಳು ಬರಲಿಲ್ಲ. ಊರಿಗೆ ಫೋನು ಮಾಡಿ ಮುನ್ನಿಬೀಯ ವಿಳಾಸ ಕೇಳಿಕೊಂಡು, ರಜೆ ಹಾಕಿ ಭಾಲ್ಕಿ ಬಸ್ಸು ಹತ್ತಿದಳು. ದಾರಿಯಲ್ಲಿ ಜಸ್ಟಿನ ಟಾಕಿಯ ಫೋಟೋ ಕಳಿಸಿದ: ಹತ್ತರ ಕೆಳಗೆ, ಪಟ್ಟಿಯ ಹೊರಗೆ, 'ದೋಣಿ ಹುಡುಗ (ಅಣಬಿ)'.

ಭಾಲ್ಕಿಯಲ್ಲಿ ಮುನ್ನಿಬೀ ಮಗಳ ಮನೆಯ ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಕಣ್ಣಿನಿಂದಲ್ಲ, ಬೆರಳಿನಿಂದ. ಕಣ್ಣಿಗೆ ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಖಾಲಾ, ನಾ ಬಸ್ಸು. ಎಕಂಬಾದಕಿ."

"ಅರೇ! ಟೀವಿ ಮುಂದ ಕುಂತು ಮೂಗ ಸೋರಸಾಕಿ? ಬಾ ಬೇಟಾ, ಬಾ. ಚಾ ಇಡಸ್ತೀನಿ."

ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಬೇಕೆಂದು ಬಸ್ಸಿನ ತುಂಬಾ ಹಲ್ಲು ಕಚ್ಚಿಕೊಂಡು ಬಂದಿದ್ದಳು. ಬಾಯಿಗೆ ಬಂದದ್ದು ಬೇರೆ. "ಖಾಲಾ, ನಿಮಗ ಖರೇನೇ ತೆಲುಗು ಬರ್ತದೇನ್ರಿ?"

ಮುನ್ನಿಬೀ ಮೊರ ಅಲ್ಲಾಡುವಂತೆ ನಕ್ಕಳು. "ರಾ ಅಂದ್ರ ಬಾ, ಪೋ ಅಂದ್ರ ಹೋಗು, ಎಂತಾ ಅಂದ್ರ ಎಷ್ಟು. ಬಜಾರಕ್ಕ ಅಷ್ಟ ಸಾಕು. ನಮ್ಮ ಮನ್ಯಾಗ ಯಾರು ತೆಲುಗು ಮಾತಾಡ್ತಿದ್ರು?"

"ಮತ್ತ ಆ ಹುಡುಗನ ಅಣ್ಣಾ?"

ಬೆರಳು ಬೇಳೆಯಲ್ಲಿ ನಿಂತಿತು. "ಕೈಯಾಗ ಕಾಗದ ಹಿಡ್ಕೊಂಡು ಊರೂರು ತಿರಗ್ಲತ್ತಿದ್ದ. ನಮ್ಮಬ್ಬಾನೂ ಹಂಗೇ ತಿರಗಿದ್ದ, ನಮ್ಮ ಉಸ್ಮಾನ ಭಾಯಿ ಫೋಟೋ ಹಿಡ್ಕೊಂಡು. ಭಾಯಿ ಲಾರಿ ಮ್ಯಾಲ ಕ್ಲೀನರ ಇದ್ದ. ಸೋಲಾಪುರಕ್ಕ ಹೋಗಿ ಬರ್ತೀನಿ ಅಂದ. ನಾ ಆಗ ನಿನ್ನಷ್ಟೇ ಇದ್ದೆ, ನೀ ನಮ್ಮ ಮನಿಗಿ ಬರ್ತಿದ್ದಿಯಲ್ಲ, ಅಷ್ಟು." ಮುನ್ನಿಬೀ ಮುಂದಕ್ಕೆ ಬಾಗಿದಳು. "ಬೇಟಾ, ಈ ಮನಿಗಿ ಬಂದ ಮ್ಯಾಲ ಟೀವಿಯಾಗ ಆ ಹುಡುಗನ ಕಥಿ ಹತ್ತಲೇ ಇಲ್ಲ. ನೀ ಓದಿದಾಕಿ, ನಿನಗ ಗೊತ್ತಿರ್ತದ. ಸಿಕ್ಕನೇನು ಅವನ ಅಣ್ಣಾ?"

ಇಷ್ಟು ವರ್ಷ ತನ್ನೊಳಗೇ ಕೇಳಿಕೊಂಡ ಪ್ರಶ್ನೆಯನ್ನು ಬಸವೇಶ್ವರಿ ಮುನ್ನಿಬೀಯ ಬಾಯಿಂದ ಕೇಳಿಸಿಕೊಂಡಳು.

"ನಾನೂ ನೋಡಿಲ್ರಿ ಖಾಲಾ. ಕೂಡೇ ನೋಡೋಣು."

ಫೋನನ್ನು ಬೇಳೆಯ ಮೊರಕ್ಕೆ ಒರಗಿಸಿದಳು. ಜಪಾನಿ ಮಾತು ಪಡಸಾಲೆ ತುಂಬಿತು. ಮುನ್ನಿಬೀ ಕಿವಿ ಕೊಟ್ಟು, "ತೆಲುಗು ಭಾಳ ಬದಲಾಗ್ಯಾದ," ಎಂದಳು. ಈಗ ಕಥೆ ಹೇಳುವ ಸರದಿ ಬಸವೇಶ್ವರಿಯದು.

"ದೋಣಿ ದಡಕ್ಕ ಹತ್ತೇದ ಖಾಲಾ. ಕಂದೀಲ ಕೈಯಾಗ ಹಿಡ್ಕೊಂಡು ನಡ್ಯಲತ್ತಾನ. ಒಂದು ಮನಿ. ಬಾಗಲಾ ತಗದ. ಒಳಗ ಒಬ್ಬಾವ ನಿಂತಾನ, ಬೆನ್ನು ಈ ಕಡಿ ಅದ."

"ಎತ್ತರ ಅದಾನೇನು?"

ತೆರೆಯ ಮೇಲೆ ನೂಡಲ್ಸ್ ಅಂಗಡಿಯ ಮುದುಕ, ಗಿಡ್ಡ, ಬೋಳುತಲೆ, ಕೈಯಲ್ಲಿ ಸೌಟು.

"ಎತ್ತರ ಅದಾನ್ರಿ."

ಮುದುಕ ಹೊರಳಿದ. ಅವನ ಬಾಯಿ ಅಲ್ಲಾಡಿತು. "ಏನಂದ? ಏನಂದ?" ಎಂದು ಮುನ್ನಿಬೀ ಅವಳ ಮೊಳಕೈ ಹಿಡಿದಳು. ಬಸವೇಶ್ವರಿ ಸುಳ್ಳೊಂದನ್ನು ನಾಲಿಗೆಯ ತುದಿಗೆ ತಂದಿಟ್ಟುಕೊಂಡೇ ಕೆಳಗಿನ ಅಕ್ಷರ ಓದಿದಳು. ಸುಳ್ಳು ಬೇಕಾಗಲಿಲ್ಲ.

"'ಬಂದ್ಯಾ? ಉಂಡಿಯೇನು?' ಅಂತಾನ್ರಿ ಖಾಲಾ."

ಮುನ್ನಿಬೀ ಸೆರಗಿನ ತುದಿಯನ್ನು ಕಾಣದ ಕಣ್ಣಿಗೆ ಒತ್ತಿಕೊಂಡಳು. ಹೊರಗೆ ತಗಡಿನ ಮೇಲೆ ಮಳೆ ಶುರುವಾಗಿತ್ತು. ಬೀದರದ ಟಾಕಿಯ ಮೇಲೂ ಬಿದ್ದಿರಬೇಕು.

"ಅವ್ನೇ," ಎಂದಳು ಮುನ್ನಿಬೀ ಕೊನೆಗೆ. "ಆ ಮಾತು ಅವನ ಬಾಯಿಲೆ ಇನ್ನೊಮ್ಮೆ ಅನಸು ಬೇಟಾ."

ಬಸವೇಶ್ವರಿ ಬೆರಳಿನಿಂದ ಚಿತ್ರವನ್ನು ಸ್ವಲ್ಪ ಹಿಂದಕ್ಕೆ ಎಳೆದಳು. ಹುಡುಗ ಮತ್ತೆ ಬಾಗಿಲ ಹೊರಗೆ ನಿಂತ.