ಭಾವನ ಪಿಕಪ್ಪಿಗೆ ಹೊಸ ಸೈಲೆನ್ಸರ್

ನಮ್ಮ ಭಾವನ ದನಿ ಎದುರಿಗೆ ಕೂತವರಿಗೂ ಅರ್ಧ ಮಾತ್ರ ತಲುಪುತ್ತದೆ. ಉಳಿದರ್ಧವನ್ನು ನಾವೇ ಊಹಿಸಿಕೊಳ್ಳಬೇಕು. ಯಾರು ಏನೇ ಕೇಳಲಿ, ಅವರ ಉತ್ತರ "ಹೂಂ". ದೇವರು ಯಾರಿಗೂ ಕಡಿಮೆ ಮಾಡುವವನಲ್ಲ. ಭಾವನ ಪಾಲಿನ ದನಿಯನ್ನು ಅವರ ಡೀಸೆಲ್ ಪಿಕಪ್ಪಿನಲ್ಲಿ ಇಟ್ಟಿದ್ದಾನೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

ಆ ಪಿಕಪ್ಪಿನ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿ ವರ್ಷಗಳೇ ಆಗಿದ್ದವು. ಗಾಡಿ ಬೀದಿಯ ತಿರುವಿಗೆ ಬಂದರೆ ಸಾಕು, ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಮನೆಯ ದಿನಚರಿಯೇ ಆ ಸದ್ದಿನ ಮೇಲೆ ನಿಂತಿತ್ತು. ಅಕ್ಕ ಚಹಾಕ್ಕೆ ನೀರಿಡುತ್ತಿದ್ದಳು. ಮಗಳು ಟೀವಿ ಆರಿಸಿ ಪುಸ್ತಕ ತೆರೆಯುತ್ತಿದ್ದಳು. ಸಕ್ಕರೆ ಕಾಯಿಲೆಯಿದ್ದ ಅಕ್ಕನ ಅತ್ತೆ ಬಾಯಲ್ಲಿದ್ದ ಸಿಹಿ ಬಿಸ್ಕತ್ತನ್ನು ಗುಳುಂ ಮಾಡಿ, ಡಬ್ಬಿಯನ್ನು ಮಂಚದಡಿ ತಳ್ಳಿ, ನರಳುತ್ತಾ ಮಲಗಿಬಿಡುತ್ತಿದ್ದರು.

ಭಾವನ ಕೆಲಸ ಆಸ್ಪತ್ರೆಯ ಬಟ್ಟೆ ಸಾಗಿಸುವುದು. ಬ್ಲೀಚಿಂಗ್ ನೀರಿನಲ್ಲಿ ಅದ್ದಿದ ಚಾದರಗಳನ್ನು ಒದ್ದೆಯಾಗಿಯೇ ಲಾಂಡ್ರಿಗೆ ಒಯ್ಯಬೇಕು, ಮಡಿಸಿಟ್ಟವನ್ನು ವಾಪಸು ತರಬೇಕು. ಸಂಸಾರ ನಡೆಯುತ್ತಿದ್ದದ್ದು ಇದೊಂದರಿಂದಲೇ. ಒಂದು ದಿನ ಆಸ್ಪತ್ರೆಯ ಮೇಟ್ರನ್ ಭಾವನನ್ನು ಕರೆದು, "ನಿಮ್ ಗಾಡಿ ಬಂದ್ರೆ ಆಪರೇಷನ್ ಆದೋರೆಲ್ಲ ಎದ್ದು ಕೂತ್ಕೋತಾರೆ ಕಣ್ರೀ. ಈ ತಿಂಗಳೊಳಗೆ ಸದ್ದು ನಿಲ್ಲಿಸಿ. ಇಲ್ಲಾಂದ್ರೆ ಬೇರೆ ಗಾಡಿ ನೋಡ್ಕೋತೀನಿ" ಎಂದರು.

"ಹೂಂ" ಎಂದರು ಭಾವ.

ಅಲ್ಲಿಂದ ನೇರ ಸೈಲೆನ್ಸರ್ ಅಂಗಡಿಗೆ ಹೋದರು. ಅಂಗಡಿಯವನೋ ಮಾತಿನ ಮಲ್ಲ. ಭಾವ ಬಾಯಿ ತೆರೆಯುವಷ್ಟರಲ್ಲಿ ಅವನು ಗಾಡಿಯ ಕೆಳಗೆ ತೂರಿ ಹೊರಬಂದಿದ್ದ.

"ಅಣ್ಣಾ, ಹಳೇದೆಲ್ಲ ಕಿತ್ತು ಬಿಸಾಕೋಣ. ದಪ್ಪ ಪೈಪು ಹಾಕಿ ನೇರ ಹಿಂದಕ್ಕೆ ಬಿಡ್ತೀನಿ, ಮಧ್ಯ ಸದ್ದು ತಡೆಯೋ ಡಬ್ಬಿ ಗಿಬ್ಬಿ ಏನೂ ಬೇಡ. ಇಂಜಿನ್ನು ಎದೆ ತುಂಬ ಉಸಿರು ಬಿಡುತ್ತೆ. ಒಂದು ಚಿಪ್ ಕೂರಿಸಿದ್ರೆ ಪವರ್ ಏರುತ್ತೆ. ತುದಿಗೆ ಕ್ರೋಮ್ ಹಾಕಿದ್ರೆ ಸಿಂಹದ ಥರ ಗರ್ಜಿಸುತ್ತೆ. ಏನಂತೀರಾ?"

ಭಾವ ಇನ್ನೇನನ್ನುತ್ತಾರೆ!

ಸಂಜೆ ವಿಷಯ ತಿಳಿದ ಅಕ್ಕ ಸೌಟು ಹಿಡಿದೇ ಹೊರಬಂದಳು. "ರೀ, ಸದ್ದು ನಿಲ್ಸೋಕೆ ಹೋದೋರು ಸಿಂಹ ತರ್ತೀನಿ ಅಂತಿದ್ದೀರಲ್ಲಾ! ನಾಳೆ ನಾನೂ ಬರ್ತೀನಿ." ಭಾವನ ಮಾತು ಕೇಳಿಸಿಕೊಳ್ಳಲು ಎರಡು ಜೊತೆ ಕಿವಿ ಇರಲಿ ಎಂದು ನನ್ನನ್ನೂ ಹತ್ತಿಸಿಕೊಂಡಳು.

ಅಂಗಡಿಯಲ್ಲಿ ಅಕ್ಕ ನೇರ ವಿಷಯಕ್ಕೆ ಬಂದಳು. "ನಮಗೆ ಸಿಂಹ ಬೇಡಪ್ಪಾ. ಹಾಲು ಕದಿಯೋಕೆ ಬರೋ ಬೆಕ್ಕು ಬೇಕು."

"ಆದ್ರೆ ಪವರ್ ಅಕ್ಕಾ..."

"ಚಾದರ ಹೊತ್ಕೊಂಡು ರೇಸಿಗೆ ಹೋಗ್ತಾರಾ ಇವ್ರು?"

ಅಂಗಡಿಯವನ ಮುಖ ಸಪ್ಪಗಾಯಿತು. ಆದರೂ ಬಾನೆಟ್ ಎತ್ತಿ ಏರ್ ಫಿಲ್ಟರ್ ತೆಗೆದು ನೋಡಿದ. ಲಾಂಡ್ರಿಯ ಬಟ್ಟೆಯಿಂದ ಹಾರಿದ ಎಳೆಗಳು ಅದರಲ್ಲಿ ಮೆತ್ತಿಕೊಂಡು, ಮಗುವಿಗೊಂದು ದಿಂಬು ಮಾಡುವಷ್ಟಿದ್ದವು. ಗಾಡಿ ಏರಿನಲ್ಲಿ ಏದುಸಿರು ಬಿಡುತ್ತಿದ್ದದ್ದು ಇದಕ್ಕೇ. ಹೊಸ ಫಿಲ್ಟರ್ ಹಾಕಿಸಿ, "ಪವರ್ ಇಷ್ಟು ಸಾಕು" ಎಂದಳು ಅಕ್ಕ.

ಪೈಪು ಯಾವುದರದ್ದು ಎನ್ನುವುದೇ ಮುಂದಿನ ಪಂಚಾಯಿತಿ. ಬರೀ ಕಬ್ಬಿಣ, ಅಲ್ಯೂಮಿನಿಯಂ ಲೇಪದ ಕಬ್ಬಿಣ, ಆಯಸ್ಕಾಂತ ಹಿಡಿಯುವ ಸ್ಟೀಲು, ಹಿಡಿಯದ ಸ್ಟೀಲು ಎಂದು ಅವನು ಬೆಂಚಿನ ಮೇಲೆ ಹರಡಿದ. ಯಾವುದನ್ನು ಮುಟ್ಟಿದರೂ "ಇದು ಕಣ್ಮುಚ್ಚಿ ತಗೊಳ್ಳಿ ಅಕ್ಕಾ" ಎನ್ನುತ್ತಿದ್ದ.

"ಕಣ್ಣು ಮುಚ್ಚೋದು ಆಮೇಲೆ. ಹಳೇದು ತೂತಾಗಿದ್ದು ಯಾಕೆ?"

ಭಾವ ಸುಮ್ಮನೆ ಹೋಗಿ ಗಾಡಿಯ ಹಿಂಭಾಗದ ತಗಡನ್ನು ತೋರಿಸಿದರು. ಅಲ್ಲಿ ಸಣ್ಣ ಸಣ್ಣ ಕಿಂಡಿಗಳಿದ್ದವು. ಚಾದರಗಳಿಂದ ಬ್ಲೀಚಿಂಗ್ ನೀರು ತೊಟ್ಟಿಕ್ಕಿ ಸೀದಾ ಪೈಪಿನ ಮೇಲೆ ಬೀಳುತ್ತಿತ್ತು. ಅಕ್ಕ ತಲೆಯಾಡಿಸಿದಳು. ರವಿಕೆ ಬಟ್ಟೆ ಆರಿಸುವಾಗ ಮಾಡುವಂತೆ, "ಎಲ್ಲದ್ರಲ್ಲೂ ಒಂದೊಂದು ಚೂರು ಕತ್ತರಿಸಿ ಕೊಡು. ಮನೇಲಿ ನೋಡಿ ಹೇಳ್ತೀನಿ" ಎಂದಳು.

ಮನೆಯಲ್ಲಿ ಬ್ಲೀಚಿಂಗ್ ಪುಡಿ ಇರಲಿಲ್ಲ. ಹಳೆಯ ನಿಂಬೆ ಉಪ್ಪಿನಕಾಯಿಯ ರಸ ಇತ್ತು. ಒಂದೊಂದು ಬಾಟಲಿಗೆ ಒಂದೊಂದು ಚೂರು ಹಾಕಿ, ರಸ ಸುರಿದು, ಕಪಾಟಿನಲ್ಲಿ ಸಾಲಾಗಿ ಇಟ್ಟಳು. "ಇದನ್ನ ತಡ್ಕೊಂಡಿದ್ದು ಏನನ್ನಾದ್ರೂ ತಡ್ಕೊಳ್ಳುತ್ತೆ."

ಒಂದು ಮಾತು ಅತ್ತೆಗೆ ಹೇಳುವುದನ್ನು ಮರೆತಿದ್ದಳು. ಎರಡು ದಿನ ಕಳೆದ ಮೇಲೆ ಊಟಕ್ಕೆ ಕೂತ ಅತ್ತೆ ಬಾಯಿಂದ ಏನನ್ನೋ ತೆಗೆದು ಬೆಳಕಿಗೆ ಹಿಡಿದರು.

"ಏನೇ ಇದು? ಈ ಸಲ ಹೋಳು ಬೇಯಿಸೇ ಇಲ್ವಾ?"

"ಅಯ್ಯೋ ಅತ್ತೆ, ಅದು ಸೈಲೆನ್ಸರ್!"

"ಹೌದಾ? ನನ್ ಹಲ್ಲಿಗಿಂತ ಗಟ್ಟಿ ಇದೆ ಕಣೇ. ಇದನ್ನೇ ಹಾಕ್ಸು."

ಬಾಯಿ ತೊಳೆಸಿದೆವು, ಅವರಿಗೇನೂ ಆಗಲಿಲ್ಲ. ವಾರ ಕಳೆದು ಬಾಟಲಿಗಳನ್ನು ತೆರೆದಾಗ ಬರೀ ಕಬ್ಬಿಣ ಕೆಂಪು ಮಣ್ಣಿನಂತಾಗಿತ್ತು. ಲೇಪದ್ದು ಕತ್ತರಿಸಿದ ಅಂಚಿನಲ್ಲಿ ಸೋತಿತ್ತು. ಆಯಸ್ಕಾಂತ ಹಿಡಿಯುವ ಸ್ಟೀಲಿಗೆ ಕಂದು ಕಲೆ ಕೂತಿತ್ತು. ಹಿಡಿಯದ ಸ್ಟೀಲು ಹೊಸ ಚಮಚದಂತೆ ಹೊಳೆಯುತ್ತಿತ್ತು. ಅತ್ತೆ ಅಗಿದದ್ದೂ ಅದನ್ನೇ. ಪೈಪೂ ಸೈಲೆನ್ಸರ್ ಡಬ್ಬಿಯೂ ಅದರದ್ದೇ ಆದವು. ಗಾಡಿಯ ಕಿಂಡಿಗಳ ಮೇಲೆ ದಪ್ಪ ರಬ್ಬರ್ ಹಾಸಿದ್ದಾಯಿತು.

ಆ ಸಂಜೆ ಭಾವ ಮನೆಗೆ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಒಲೆ ತಣ್ಣಗಿತ್ತು, ಟೀವಿ ಕುಣಿಯುತ್ತಿತ್ತು. ಅತ್ತೆ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಎರಡೂ ಕೆನ್ನೆ ಉಬ್ಬಿಸಿ ಕೂತಿದ್ದರು. ಮಗನನ್ನು ಕಂಡವರೇ ಬಾಯಲ್ಲಿದ್ದದ್ದನ್ನು ಗುಳುಂ ಮಾಡಿದರು.

"ಲೋ, ಕಳ್ಳನ ಹಾಗೆ ಬರ್ತೀಯಲ್ಲೋ! ನಾಚಿಕೆ ಆಗಲ್ವಾ?" ಎಂದು ಅತ್ತೆಯೇ ಬೈದರು.

ನಗು ಮರುದಿನ ನಿಂತುಹೋಯಿತು. ಮಧ್ಯಾಹ್ನ ಭಾವ ಒಗೆದ ಚಾದರಗಳನ್ನು ಇಳಿಸದೆ ಹಾಗೇ ವಾಪಸು ತಂದಿದ್ದರು. ಆಸ್ಪತ್ರೆಯ ಹಿಂಬಾಗಿಲನ್ನು ಒಳಗಿನವರು ಇಷ್ಟು ವರ್ಷವೂ ಗಾಡಿಯ ಸದ್ದು ಕೇಳಿಯೇ ತೆರೆಯುತ್ತಿದ್ದರು. ಹಾರ್ನ್ ಹಾಕಬಾರದೆಂಬ ಬೋರ್ಡು ಅಲ್ಲೇ ಇತ್ತು. ಭಾವ ಕಾದು ಕಾದು ಬಂದಿದ್ದರು. ಬೆನ್ನಿಗೇ ಮೇಟ್ರನ್ ಫೋನು: "ಮೊದ್ಲು ಸದ್ದು ಜಾಸ್ತಿ, ಈಗ ಆಳೇ ನಾಪತ್ತೆ! ನಾಳೆ ಬೇರೆ ಗಾಡಿಗೆ ಹೇಳಿದ್ದೀನಿ."

"ಬಾಗಿಲಲ್ಲಿ ಕೂಗಬಾರ್ದಿತ್ತಾ?" ಎಂದಳು ಅಕ್ಕ.

"ಕೂಗಿದೆ."

"ಎಲ್ಲಿ, ಹೇಗೆ ಕೂಗಿದ್ರಿ? ತೋರ್ಸಿ."

ಭಾವ ಗಂಟಲು ಸರಿಮಾಡಿಕೊಂಡು "ಚಾದರ..." ಎಂದರು. ಪಕ್ಕದಲ್ಲೇ ಮಲಗಿದ್ದ ಬೆಕ್ಕು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಅಕ್ಕನ ಕಣ್ಣಲ್ಲಿ ನೀರಿತ್ತು. ನಾನು ಮನಸ್ಸಿನಲ್ಲೇ ಕೈಮುಗಿದೆ: ಸ್ವಾಮಿ, ಗಾಡಿಯ ಬಾಯಿ ಮುಚ್ಚಿಸಿದ್ದೇವೆ, ಇವರದ್ದು ತೆರೆಸು.

ಬೆಳಗ್ಗೆ ಮೂವರೂ ಹೋದೆವು. ಹಿಂಬಾಗಿಲ ಹತ್ತಿರ ನಿಲ್ಲಿಸುವಷ್ಟರಲ್ಲಿ ಇನ್ನೊಂದು ಪಿಕಪ್ಪು ಬಂತು. ದಪ್ಪ ಪೈಪು, ಕ್ರೋಮ್ ತುದಿ, ಕರಿ ಹೊಗೆ. ಅಂಗಡಿಯವನ ಸಿಂಹ ಬೇರೆಯವರ ಪಾಲಾಗಿತ್ತು. ಅದು ಗರ್ಜಿಸಿದ್ದೇ ತಡ, ಹಿಂಬಾಗಿಲು ತೆರೆಯಿತು. ಒಳಗಿನವನು ಒದ್ದೆ ಚಾದರದ ಗಂಟುಗಳನ್ನು ಎತ್ತಿ ಆ ಗಾಡಿಗೇ ತುಂಬತೊಡಗಿದ.

"ಅದು ನನ್ ಗಂಟು! ನಾನ್ ಬಂದಿದ್ದೀನಿ!"

ಕೂಗಿದವರು ಯಾರೆಂದು ನಾನೂ ಅಕ್ಕನೂ ತಿರುಗಿ ನೋಡಿದೆವು. ಭಾವ! ಕಿಟಕಿಗಳು ಪಟಪಟನೆ ತೆರೆದುಕೊಂಡವು. ಮೇಟ್ರನ್ ಓಡಿ ಬಂದರು.

"ಯಾರ್ರೀ ಅದು ಕಿರುಚೋದು? ಬೇರೆ ಗಾಡಿಗೆ ಹೇಳಾಯ್ತು, ನೀವು ಹೊರಡಿ."

"ಉಹೂಂ" ಎಂದರು ಭಾವ.

ಮದುವೆಯಾದಾಗಿನಿಂದ ಆ ಬಾಯಲ್ಲಿ ಈ ಅಕ್ಷರಗಳನ್ನು ಕೇಳಿರಲಿಲ್ಲ ಎಂದು ಅಕ್ಕ ಆಮೇಲೆ ಹೇಳಿದಳು.

"ಸದ್ದು ನಿಲ್ಸಿ ಅಂದ್ರಿ, ನಿಲ್ಸಿದೆ. ನಿನ್ನೆ ಇಲ್ಲೇ ನಿಂತಿದ್ದೆ, ನಿಮಗೇ ಕೇಳಿಸ್ಲಿಲ್ಲ."

ಮೇಟ್ರನ್ ನಂಬಲಿಲ್ಲ. "ಹಾಗಾದ್ರೆ ಸ್ಟಾರ್ಟ್ ಮಾಡಿ" ಎಂದರು.

"ಸ್ಟಾರ್ಟ್‌ನಲ್ಲೇ ಇದೆ ಮೇಡಂ."

ಅವರು ಬಗ್ಗಿ ಕಿವಿಗೊಟ್ಟರು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದರು. ಹಿಂದೆ ಸಿಂಹ ಮತ್ತೊಮ್ಮೆ ಗರ್ಜಿಸಿತು. ಒಳಗಿನ ಯಾವುದೋ ಹಾಸಿಗೆಯಿಂದ ಒಬ್ಬರು ಶಾಪ ಹಾಕಿದರು. "ಮೊದ್ಲು ಅದನ್ನ ಇಲ್ಲಿಂದ ಕಳಿಸ್ರೀ! ಗಂಟುಗಳನ್ನ ಇವ್ರ ಗಾಡಿಗೇ ಹಾಕಿ!" ಎಂದರು ಮೇಟ್ರನ್. ಆ ವಾರವೇ ಹಿಂಬಾಗಿಲಿಗೆ ಒಂದು ಕರೆಗಂಟೆ ಬಂತು.

ಸುದ್ದಿ ಕೇಳಿ ಅತ್ತೆಗೆ ಬಹಳ ಸಂತೋಷವಾಯಿತು. "ಒಳ್ಳೇದಾಯ್ತು ಬಿಡು" ಎಂದವರು, ಮಂಚದಡಿಯ ಡಬ್ಬಿಯತ್ತ ಒಮ್ಮೆ ಕಣ್ಣು ಹಾಯಿಸಿ, "ಅಂಥದ್ದೇ ಗಂಟೆ ನಮ್ಮನೆ ಗೇಟಿಗೂ ಒಂದು ಹಾಕ್ಸೋ. ಬಂದ ಕೂಡ್ಲೇ ಅದನ್ನೊತ್ತು. ಕಾಲ ಕೆಟ್ಟಿದೆ, ಯಾರು ಯಾವಾಗ ಒಳಗೆ ನುಗ್ತಾರೋ" ಎಂದರು.

"ಉಹೂಂ" ಎಂದರು ಭಾವ.