ಅನುಮಾನದ ಅಕ್ಕ ಮತ್ತು ದಿನಕ್ಕೆ ಹನ್ನೆರಡು ‘ಬೇಕು’

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎರಡನೇ ತರಗತಿಯ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಹಲ್ಲು ಕಚ್ಚಿ ಬಣ್ಣದ ಡಬ್ಬಿಗಳ ಮುಚ್ಚಳ ಬಿಗಿಮಾಡುತ್ತಿದ್ದಾರೆ. ಅಂಟಿನ ಬಾಟಲಿ ಮೇಲಿನ ಹಲಗೆಗೆ ಹೋಗುತ್ತದೆ. ಕಣ್ಣಿಗೆ ಕಾಣಬೇಕು, ಕೈಗೆ ಎಟುಕಬಾರದು. ಕಸ ಗುಡಿಸುವಾಕೆ ಪೊರಕೆ ಹಿಡಿದು ಬಾಗಿಲಲ್ಲೇ ನಿಂತು, ಇವರ ಕೈಚೀಲದ ಮೇಲೆ ಒಂದು ಕಣ್ಣಿಟ್ಟಿದ್ದಾಳೆ. ಹೊತ್ತಿಲ್ಲದ ಹೊತ್ತಿನಲ್ಲಿ ಬಂದು ಮಕ್ಕಳ ಸಾಮಾನು ಎತ್ತಿಡುವವರನ್ನು ಯಾರು ತಾನೇ ನಂಬುತ್ತಾರೆ?

ಆಟಿಸಂ ಇರುವ ಮಕ್ಕಳಿಗೆ ದಿನನಿತ್ಯದ ಆಟಪಾಠದ ನಡುವೆಯೇ ಮಾತು ಕಲಿಸುವುದು ಹೇಗೆಂದು ಶಿಕ್ಷಕರಿಗೆ ತರಬೇತಿ ಕೊಡುವುದು ಇವರ ಕೆಲಸ. ಬೇಕಾದ್ದನ್ನು ಮಗು ತಾನಾಗಿ ಕೇಳಬೇಕು. ಮನಸ್ಸಿನಲ್ಲಿ ಐದು ಎಣಿಸುವ ತನಕ ದೊಡ್ಡವರು ತುಟಿ ಬಿಚ್ಚಬಾರದು. ವಾರಕ್ಕೆ ನಾಲ್ಕು ಶಾಲೆ, ದಿನಕ್ಕೆ ಎರಡು ಬಸ್ಸು, ಹೀಗೆ ಹದಿನಾಲ್ಕು ವರ್ಷ. ಶಿಕ್ಷಕರ ಕೋಣೆಯಲ್ಲಿ ಇವರಿಗಿಟ್ಟ ಹೆಸರು ‘ಅನುಮಾನದ ಅಕ್ಕ’. ಒಳಗೆ ಕಾಲಿಟ್ಟರೆ ಸಾಕು, ಮಾತು ನಿಲ್ಲುತ್ತದೆ. ಆಡಳಿತದವರು ಬಿಟ್ಟ ಜನ ಎಂಬ ಗುಮಾನಿ ಎಲ್ಲರಿಗೂ ಇದೆ.

ಅನುಮಾನ ಇವರ ಹುಟ್ಟುಗುಣವಲ್ಲ. ತಾವೇ ಶಿಕ್ಷಕಿಯಾಗಿದ್ದಾಗ ಒಂದು ಮಗುವಿಗೆ ಕೇಳುವ ಮೊದಲೇ ಎಲ್ಲವನ್ನೂ ಕೈಗಿಟ್ಟು, ಎಷ್ಟು ಒಳ್ಳೆಯ ಮಗು ಎಂದು ಕೊಂಡಾಡಿದ್ದರು. “ಮುಂದಿನ ಕ್ಲಾಸಿಗೆ ಹೋಯ್ತು. ಮೂರು ದಿನ ಸ್ಕೂಲಲ್ಲಿ ಒಂದು ಹನಿ ನೀರು ಕುಡೀಲಿಲ್ಲ. ಕೇಳೋಕೇ ಬರ್ತಿರ್ಲಿಲ್ಲ. ಕಲಿಸದೆ ಇದ್ದೋಳು ನಾನೇ,” ಎನ್ನುತ್ತಾರೆ ಇಂದಿಗೂ.

ಈ ವಾರ ಇವರ ಮುಂದಿರುವುದು ಏಳು ವರ್ಷದ ಹುಡುಗಿ. ತನಗೆ ಬೇಕಾದ್ದನ್ನು ಹೇಳಬಲ್ಲಳಾದರೆ ಇದೇ ತರಗತಿ. ಇಲ್ಲವಾದರೆ ಶುಕ್ರವಾರದ ಸಭೆ ಅವಳನ್ನು ಶಾಲೆಯಿಂದಲೇ ಕಳಿಸುತ್ತದೆ. ತೀರ್ಮಾನ ಇವರ ವರದಿಯ ಮೇಲಿದೆ. ಅವಳ ಟೀಚರಿಗೆ ಜೀವದಲ್ಲಿ ಜೀವವಿಲ್ಲ. ಹುಡುಗಿ ದಿನಕ್ಕೆ ಹನ್ನೆರಡು ಸಲ ‘ಬೇಕು’ ಎಂದು ಕೇಳುತ್ತಾಳೆಂದು ಬರೆದಿಟ್ಟಿದ್ದಾರೆ.

ಹನ್ನೆರಡು! ಅಕ್ಕನ ಹುಬ್ಬು ಮೇಲೇರುತ್ತದೆ. ದಿನವಿಡೀ ಹಿಂದಿನ ಬೆಂಚಿನಲ್ಲಿ ಕೂತು, ಹುಡುಗಿಯನ್ನು ಬಿಟ್ಟು ಟೀಚರ ಮುಖವನ್ನೇ ನೋಡುತ್ತಾರೆ. ಪ್ರತಿ ಸಲವೂ ಹುಡುಗಿಗಿಂತ ಮೊದಲು ಟೀಚರ ತುಟಿ ಸದ್ದಿಲ್ಲದೆ ‘ಬೇಕು’ ಎಂದು ಅಲುಗುತ್ತದೆ. ಅದನ್ನು ತೋರಿಸಿಕೊಟ್ಟಾಗ ಟೀಚರ ಕಣ್ಣು ತುಂಬುತ್ತದೆ.

“ಅವಳನ್ನ ಕಳಿಸೋಕೇ ಬಂದಿದ್ದೀನಿ ಅಂತ ನೇರವಾಗಿ ಹೇಳ್ಬಿಡಿ ಮೇಡಂ.”

ನಾಳೆ ಹುಡುಗಿಗೆ ಬೆನ್ನು ಮಾಡಿ ಬೋರ್ಡಿನ ಮೇಲೆ ಬರೆಯುತ್ತಿರಿ ಎಂದಷ್ಟೇ ಅಕ್ಕ ಹೇಳುತ್ತಾರೆ.

ಗುರುವಾರ ಟೀಚರು ಬರೆಯುತ್ತಿದ್ದಾರೆ. ಕಿಟಕಿಯ ಬಳಿ ಹುಡುಗಿ ದಿನಾ ಕೂರುವ ಚಾಪೆಯಿದೆ. ಅಕ್ಕ ಹೋಗಿ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಹುಡುಗಿ ಎದುರು ನಿಲ್ಲುತ್ತಾಳೆ. ಐದು ಎಣಿಸಿದ್ದಾಯಿತು, ಎಂಟೂ ಆಯಿತು.

“ಹೋಗು,” ಎನ್ನುತ್ತಾಳೆ ಹುಡುಗಿ. ಬೆರಳು ಬಾಗಿಲ ಕಡೆಗಿದೆ.

ಕೇಳಿದ್ದು ಆ ಕ್ಷಣವೇ ಸಿಗಬೇಕು ಎಂಬುದು ಇವರದೇ ಪಾಠ. ಮಂಡಿನೋವನ್ನು ನುಂಗಿಕೊಂಡು ಎದ್ದವರೇ ಹೊರಗೆ ನಡೆಯುತ್ತಾರೆ. ಟೀಚರು ಗಾಬರಿಯಿಂದ ಹಿಂದೆ ಓಡಿ ಬಂದು ಕ್ಷಮೆ ಕೇಳತೊಡಗಿದರೆ, ಅಕ್ಕ ವರಾಂಡದ ಗೋಡೆಗೆ ಒರಗಿ ನಗುತ್ತಿದ್ದಾರೆ. ಈ ಮಾತನ್ನು ಯಾರೂ ಹೇಳಿಕೊಟ್ಟಿರಲು ಸಾಧ್ಯವಿಲ್ಲ ಎನ್ನುತ್ತಾರೆ. ಹನ್ನೆರಡನ್ನು ಹೊಡೆದುಹಾಕಿ ಒಂದು ಎಂದು ತಿದ್ದಿಸುತ್ತಾರೆ. ಹುಡುಗಿ ಇದೇ ತರಗತಿಯಲ್ಲಿರಲಿ ಎಂದು ನಿಂತಲ್ಲೇ ವರದಿ ಬರೆಯುತ್ತಾರೆ.

“ಹದಿನಾಲ್ಕು ವರ್ಷದಿಂದ ಎಷ್ಟೋ ಜನ ಮನಸ್ಸಲ್ಲೇ ನನಗೆ ಹೋಗು ಅಂದಿದ್ದಾರೆ,” ಎನ್ನುತ್ತಾರೆ ಅಕ್ಕ. “ಬಾಯಿಬಿಟ್ಟು ಅಂದೋಳು ಇವಳೊಬ್ಬಳೇ.”